ಎಂಬತ್ತು ಕಿಲೋಮೀಟರಿನೊಳಗಿನ ಕನ್ನಡ



ಸಂಘದ ಸಮಾರಂಭಗಳಿಗೆ ಬಂದಾಗ ಹಿರಿಯರು "ನಿಮ್ಮೂರು ಯಾವುದಪ್ಪಾ?" ಎಂದು ಕೇಳುವುದು ವಾಡಿಕೆ. ಈ ಪ್ರಶ್ನೆಗೆ ನಿಮ್ಮಲ್ಲಿ ಅನೇಕರು ತುಸು ತಡವರಿಸುತ್ತೀರಿ. ಹುಟ್ಟಿದ್ದು ಹೈದರಾಬಾದಿನಲ್ಲಿ, ಓದಿದ್ದು ಇಲ್ಲೇ, ಗೆಳೆಯರೆಲ್ಲ ಇಲ್ಲಿಯವರೇ. ಆದರೂ ಉತ್ತರವಾಗಿ ಹೇಳುವುದು ತಂದೆಯ ಊರಾದ ಕಲಬುರಗಿಯನ್ನೋ, ಬೀದರನ್ನೋ, ಧಾರವಾಡವನ್ನೋ, ಉಡುಪಿಯನ್ನೋ. ಕನ್ನಡವೆಂದರೆ ಬೇಸಿಗೆ ರಜೆಯಲ್ಲಿ ರೈಲು ಹತ್ತಿ ಹೋಗಿ ಕಾಣಬೇಕಾದದ್ದು, ಈ ಊರಿನಲ್ಲಿ ನಾವು ಕನ್ನಡದ ಅತಿಥಿಗಳು ಎಂಬ ಭಾವನೆ ನಿಮ್ಮಲ್ಲಿ ಬೇರೂರಿದೆ.

ಆ ಭಾವನೆ ಪೂರ್ತಿ ಸರಿಯಲ್ಲ. ಹೈದರಾಬಾದಿನಿಂದ ಎಂಬತ್ತು ಕಿಲೋಮೀಟರಿನೊಳಗೆ, ಒಂದೇ ಜಿಲ್ಲೆಯ ಗ್ರಾಮಾಂತರ ಪ್ರದೇಶದಲ್ಲಿ, ಕನ್ನಡದ ಒಂಬೈನೂರು ವರ್ಷಗಳ ಹಿಂದಿನ ಗುರುತುಗಳು ಬಯಲಿನಲ್ಲೇ ನಿಂತಿವೆ. ಅವುಗಳನ್ನು ಓದಲು ನಿಮಗಿರುವಷ್ಟು ಅನುಕೂಲ ಬೆಂಗಳೂರಿನ ನಿಮ್ಮ ಸೋದರ ಸಂಬಂಧಿಗಳಿಗೂ ಇಲ್ಲ! ಅದು ಹೇಗೆ ಎಂಬುದನ್ನು ಹೇಳುವುದೇ ಈ ಲೇಖನದ ಉದ್ದೇಶ. ಇದನ್ನು ನೀವೇ ಓದುತ್ತಿದ್ದರೆ ಸಂತೋಷ; ಅಮ್ಮ ಓದಿ ಹೇಳುತ್ತಿದ್ದರೂ ಚಿಂತೆಯಿಲ್ಲ.

ಭುವನಗಿರಿಯ ಬಂಡೆ

ನಾನು ಹೇಳುತ್ತಿರುವುದು ಯಾದಾದ್ರಿ ಭುವನಗಿರಿ ಜಿಲ್ಲೆಯನ್ನು. 2016ರ ಅಕ್ಟೋಬರಿನಲ್ಲಿ ತೆಲಂಗಾಣದ ಜಿಲ್ಲೆಗಳನ್ನು ಪುನರ್ವಿಂಗಡಿಸಿದಾಗ ನಲ್ಲಗೊಂಡ ಜಿಲ್ಲೆಯಿಂದ ಬೇರ್ಪಟ್ಟು ರೂಪುಗೊಂಡ ಜಿಲ್ಲೆ ಇದು. ಇಲ್ಲಿನ ಯಾದಗಿರಿಗುಟ್ಟದ ಲಕ್ಷ್ಮೀನರಸಿಂಹನ ದರ್ಶನಕ್ಕೆ ನಿಮ್ಮ ಮನೆಯವರೊಂದಿಗೆ ನೀವು ಹೋಗಿಯೇ ಇರುತ್ತೀರಿ. 1951ರಲ್ಲಿ ವಿನೋಬಾ ಭಾವೆಯವರ ಭೂದಾನ ಚಳವಳಿ ಆರಂಭವಾದ ಪೋಚಂಪಲ್ಲಿಯೂ ಇದೇ ಜಿಲ್ಲೆಯಲ್ಲಿದೆ. ಅಲ್ಲಿನ ಸೀರೆಗಳು ನಮ್ಮ ಮನೆಗಳ ಬೀರುಗಳಲ್ಲಿವೆ. ಆದರೆ ಗುಟ್ಟಕ್ಕೆ ಹೋಗುವ ದಾರಿಯಲ್ಲಿ ಸಿಗುವ ಭುವನಗಿರಿಯಲ್ಲಿ ಇಳಿದು ನೋಡುವವರು ಕಡಿಮೆ.

ನಗರದಿಂದ ಸುಮಾರು ಐವತ್ತು ಕಿಲೋಮೀಟರು ದೂರ, ವರಂಗಲ್ ರಸ್ತೆಯಲ್ಲಿ. ದೂರದಿಂದಲೇ ಕಾಣುವುದು ಒಂದೇ ಅಖಂಡ ಬಂಡೆ. ಸುಮಾರು ಐನೂರು ಅಡಿ ಎತ್ತರ. ಅದರ ನೆತ್ತಿಯ ಮೇಲೆ ಕೋಟೆ. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಬಿರುದು 'ತ್ರಿಭುವನಮಲ್ಲ'. ಆ ಬಿರುದಿನಿಂದಲೇ ಬೆಟ್ಟಕ್ಕೆ ತ್ರಿಭುವನಗಿರಿ ಎಂಬ ಹೆಸರು ಬಂತು. ಕಾಲಕ್ರಮದಲ್ಲಿ ಅದು ಭುವನಗಿರಿಯಾಯಿತು. ಅದನ್ನು 'ಭೋಂಗೀರ್' ಎಂದೂ ಕರೆಯುತ್ತಾರೆ. ವಿಕ್ರಮಾದಿತ್ಯನು ಆಳಿದ್ದು 1076ರಿಂದ 1126ರವರೆಗೆ, ಅಂದರೆ ಐವತ್ತು ವರ್ಷ. ಅವನ ರಾಜಧಾನಿ ಕಲ್ಯಾಣ ಎಂದರೆ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ಅವನು ತನ್ನ ಪಟ್ಟಾಭಿಷೇಕದಿಂದ ಚಾಲುಕ್ಯ ವಿಕ್ರಮ ಶಕೆ ಎಂಬ ಹೊಸ ಕಾಲಗಣನೆಯನ್ನೇ ಆರಂಭಿಸಿದನು.

ಕೋಟೆಯಲ್ಲಿ ಇಂದು ಕಾಣುವುದೆಲ್ಲ ಅವನ ಕಾಲದ್ದಲ್ಲ. ಕಾಕತೀಯರು, ಕುತುಬ್‌ಶಾಹಿಗಳು ಆಮೇಲೆ ತಮ್ಮ ತಮ್ಮ ಕಾಲದಲ್ಲಿ ಇದನ್ನು ಬಳಸಿದರು, ಕಟ್ಟಿ ಬೆಳೆಸಿದರು. ಬಂಡೆಯಲ್ಲೇ ಕೊರೆದ ಮೆಟ್ಟಿಲುಗಳನ್ನೂ ನೀರಿನ ಹೊಂಡಗಳನ್ನೂ ನೋಡಿಯೇ ತಿಳಿಯಬೇಕು. ನಿಮ್ಮ ವಯಸ್ಸಿನವರಿಗೆ ಇನ್ನೊಂದು ಆಕರ್ಷಣೆಯೂ ಇದೆ. 2014ರಲ್ಲಿ ಹದಿಮೂರನೆಯ ವಯಸ್ಸಿನಲ್ಲೇ ಎವರೆಸ್ಟ್ ಏರಿದ ತೆಲಂಗಾಣದ ಹುಡುಗಿ ಮಾಲಾವತ್ ಪೂರ್ಣಾ ಬಂಡೆ ಏರುವ ಮೊದಲ ಪಾಠಗಳನ್ನು ಕಲಿತದ್ದು ಈ ಭುವನಗಿರಿಯ ಬಂಡೆಯ ಮೇಲೆಯೇ.

ಕೊಲ್ಲಿಪಾಕೆ ಎಂಬ ಪಟ್ಟಣ

ಭುವನಗಿರಿಯಿಂದ ಮುಂದೆ ಆಲೇರು. ಆಲೇರಿನಿಂದ ಸುಮಾರು ಆರು ಕಿಲೋಮೀಟರು ಒಳಗೆ ಹೋದರೆ ಕೊಲನುಪಾಕ. ಇಂದು ಒಂದು ಹಳ್ಳಿ. ಜೈನ ಯಾತ್ರಿಕರು ಇದನ್ನು ಕುಲ್ಪಾಕ್‌ಜಿ ಎನ್ನುತ್ತಾರೆ. ಶಾಸನಗಳಲ್ಲಿ ಇದರ ಹೆಸರು ಕೊಲ್ಲಿಪಾಕೆ. ಚಾಲುಕ್ಯರ ಆಡಳಿತದಲ್ಲಿ 'ಕೊಲ್ಲಿಪಾಕೆ 7000' ಎಂಬ ದೊಡ್ಡ ನಾಡಿಗೆ ಇದು ಮುಖ್ಯ ಪಟ್ಟಣ. ನಮ್ಮ 'ಬನವಾಸಿ 12000' ಇದ್ದ ಹಾಗೆಯೇ ಇದೂ ಒಂದು.

ಈ ಊರಿನ ಮಹತ್ವವನ್ನು ಶತ್ರುಗಳ ಬಾಯಿಂದಲೇ ಕೇಳಬಹುದು. ತಂಜಾವೂರಿನ ಚೋಳ ದೊರೆ ರಾಜೇಂದ್ರನು ತಾನು ಗೆದ್ದ ಸ್ಥಳಗಳನ್ನು ತನ್ನ ತಮಿಳು ಶಾಸನಗಳಲ್ಲಿ ಪಟ್ಟಿ ಮಾಡಿಸಿದ್ದಾನೆ. ಆ ಪಟ್ಟಿಯಲ್ಲಿ ಬನವಾಸಿಯ ಪಕ್ಕದಲ್ಲೇ ಕೊಲ್ಲಿಪಾಕೆಯ ಹೆಸರೂ ಬರುತ್ತದೆ. ಹನ್ನೊಂದನೆಯ ಶತಮಾನದಲ್ಲಿ ದಕ್ಷಿಣದ ಅತಿ ದೊಡ್ಡ ಸೇನೆಯೊಂದು ಗೆದ್ದು ಹೆಮ್ಮೆಪಡುವಂಥ ಊರು ಇದಾಗಿತ್ತು.

ಇಲ್ಲಿ ನೋಡಬೇಕಾದವು ಮುಖ್ಯವಾಗಿ ಎರಡು. ಒಂದು, ಜೈನ ಮಂದಿರ. ಮಾಣಿಕ್ಯದೇವನೆಂದು ಹೆಸರಾದ ಆದಿನಾಥ, ನೇಮಿನಾಥ, ಮಹಾವೀರ ಈ ಮೂವರ ಮೂರ್ತಿಗಳು ಇಲ್ಲಿವೆ. ಇನ್ನೊಂದು, ಸೋಮೇಶ್ವರ ದೇವಾಲಯ. ವೀರಶೈವ ಪರಂಪರೆಯಂತೆ ಪಂಚಾಚಾರ್ಯರಲ್ಲಿ ಒಬ್ಬರಾದ ರೇಣುಕಾಚಾರ್ಯರು ಪ್ರಕಟವಾದದ್ದು ಈ ಸೋಮೇಶ್ವರ ಲಿಂಗದಿಂದ. ಚಿಕ್ಕಮಗಳೂರು ಜಿಲ್ಲೆಯ ಬಾಳೆಹೊನ್ನೂರಿನ ರಂಭಾಪುರಿ ಪೀಠದವರು ತಮ್ಮ ಮೂಲವನ್ನು ಇವರಲ್ಲಿಯೇ ಕಾಣುತ್ತಾರೆ. ನಿಮ್ಮ ಅಜ್ಜಿಯ ಬಾಯಲ್ಲಿ 'ಕೊಲ್ಲಿಪಾಕಿ' ಎಂಬ ಹೆಸರು ಕೇಳಿದ್ದರೆ, ಅದು ಇದೇ ಊರು.

ಸೋಮೇಶ್ವರನ ಆವರಣದಲ್ಲಿಯೇ ರಾಜ್ಯ ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯವಿದೆ. ಊರಿನ ಸುತ್ತಮುತ್ತ ದೊರೆತ ಶಿಲ್ಪಗಳು, ಶಾಸನದ ಕಲ್ಲುಗಳು ಅಲ್ಲಿವೆ. ಚಾಲುಕ್ಯರ ಕಾಲದ ಶಾಸನಗಳ ಭಾಷೆ ಕನ್ನಡ.

ಕನ್ನಡ ಇಲ್ಲಿಗೆ ಬಂದದ್ದೇಕೆ, ಹೋದದ್ದೇಕೆ?

ಇದನ್ನು ಓದಿದ ಕೂಡಲೇ "ಹಾಗಾದರೆ ಈ ನೆಲ ನಮ್ಮದು" ಎಂದು ಯಾರಾದರೂ ಎದೆ ತಟ್ಟಿಕೊಂಡರೆ ಅದು ತಪ್ಪು ತಿಳಿವಳಿಕೆ. ಕಲ್ಲಿನ ಮೇಲಿನ ಭಾಷೆ ಬಹುಮಟ್ಟಿಗೆ ಆಡಳಿತದ ಭಾಷೆ. ಕಲ್ಯಾಣದ ಅರಸರ ಅಧಿಕಾರಿಗಳು ದಾನ ದತ್ತಿಗಳನ್ನು ಕನ್ನಡದಲ್ಲಿ ಬರೆಸಿದರು. ಅವರ ಸಾಮಂತರಾಗಿದ್ದಾಗ ಓರುಗಲ್ಲಿನ ಕಾಕತೀಯರು ಕೂಡ ಕನ್ನಡದಲ್ಲಿ ಶಾಸನ ಹಾಕಿಸಿದ್ದುಂಟು. ಕಾಕತೀಯ ರುದ್ರದೇವನು 1163ರಲ್ಲಿ ಹನುಮಕೊಂಡದ ಶಾಸನದ ಮೂಲಕ ತನ್ನ ಸ್ವಾತಂತ್ರ್ಯವನ್ನು ಸಾರಿದ ಮೇಲೆ ಈ ಭಾಗದ ಶಾಸನಗಳಲ್ಲಿ ತೆಲುಗು ಮೇಲುಗೈ ಪಡೆಯಿತು. ಅರಸೊತ್ತಿಗೆ ಬದಲಾಯಿತು, ಕಲ್ಲಿನ ಭಾಷೆಯೂ ಬದಲಾಯಿತು. ಊರಿನ ಜನ ಅದೇ ಹೊಲ ಉತ್ತರು, ಅದೇ ದೇವರಿಗೆ ಕೈಮುಗಿದರು.

ಅಧಿಕಾರದ ಬೆಂಬಲವಿಲ್ಲದೆ ಭಾಷೆ ಉಳಿಯುವುದು ಮನೆಯಲ್ಲಿ, ಮತ್ತು ಅದನ್ನು ಬೇಕೆಂದು ಕಲಿತವರಲ್ಲಿ. ಹೈದರಾಬಾದಿನ ಕನ್ನಡಿಗರಿಗೆ ಇದು ಬಹಳ ಹಳೆಯ ಸಂಗತಿಯೇನಲ್ಲ. 1956ರ ನವೆಂಬರ್ 1ರವರೆಗೆ ಕಲಬುರಗಿ, ಬೀದರ್, ರಾಯಚೂರು ಜಿಲ್ಲೆಗಳಿಗೆ ಈ ನಗರವೇ ರಾಜಧಾನಿ. ಅಂದು ಗಡಿ ಬದಲಾಯಿತು. ಇಲ್ಲಿ ಉಳಿದ ಕುಟುಂಬಗಳ ಕನ್ನಡ ಮನೆಯ ಭಾಷೆಯಾಯಿತು. ಆ ಮನೆಗಳ ಮೂರನೆಯ, ನಾಲ್ಕನೆಯ ತಲೆಮಾರಿನವರೂ, ಆಮೇಲೆ ನೌಕರಿಗಾಗಿ ಬಂದವರ ಮಕ್ಕಳೂ ಇಂದು ಒಂದೇ ಸ್ಥಿತಿಯಲ್ಲಿದ್ದಾರೆ. ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಅಕ್ಷರ ಹೋದ ಮೇಲೆ ಮಾತು ಎಷ್ಟು ದಿನ ಉಳಿದೀತು?

ಅಣ್ಣ ತಮ್ಮಂದಿರ ಪಾಠ

ಎರಡು ಭಾಷೆಗಳ ನಡುವೆ ಬೆಳೆದವರು ನೀವೇ ಮೊದಲಿಗರಲ್ಲ. ಕನ್ನಡದ ಆದಿಕವಿ ಪಂಪನ ಹಿರಿಯರು ಇಂದಿನ ಆಂಧ್ರದ ವೆಂಗಿಯ ನಾಡಿನವರು. ಅವನಿಗೆ ಆಶ್ರಯ ಕೊಟ್ಟ ಅರಿಕೇಸರಿಯ ರಾಜಧಾನಿ ವೇಮುಲವಾಡ ಇಂದು ತೆಲಂಗಾಣದ ರಾಜನ್ನ ಸಿರಿಸಿಲ್ಲ ಜಿಲ್ಲೆಯಲ್ಲಿದೆ. 'ವಿಕ್ರಮಾರ್ಜುನ ವಿಜಯ' 941ರಲ್ಲಿ ರಚಿತವಾದದ್ದು ಆ ಆಸ್ಥಾನದಲ್ಲಿ.

ಪಂಪನ ತಮ್ಮ ಜಿನವಲ್ಲಭ. ಕರೀಂನಗರ ಜಿಲ್ಲೆಯ ಕುರಿಕ್ಯಾಲ ಗ್ರಾಮದ ಬೊಮ್ಮಲಗುಟ್ಟದಲ್ಲಿ ಅವನು ಬಂಡೆಯ ಮೇಲೆ ಜಿನಬಿಂಬಗಳನ್ನೂ ಚಕ್ರೇಶ್ವರಿಯನ್ನೂ ಕೊರೆಯಿಸಿ, ಒಂದು ಶಾಸನ ಬರೆಸಿದ್ದಾನೆ. ಅದರ ವಿಶೇಷವೇನೆಂದರೆ ಸಂಸ್ಕೃತ, ಕನ್ನಡ, ತೆಲುಗು ಮೂರೂ ಭಾಷೆಗಳು ಒಂದೇ ಬಂಡೆಯ ಮೇಲಿವೆ. ಅಲ್ಲಿನ ಕಂದಪದ್ಯಗಳು ತೆಲುಗಿನ ಅತಿ ಹಳೆಯ ಪದ್ಯಗಳ ಸಾಲಿಗೆ ಸೇರುತ್ತವೆ. ತಾನು ಕಟ್ಟಿಸಿದ ಕೆರೆಗೆ ಅವನಿಟ್ಟ ಹೆಸರು 'ಕವಿತಾಗುಣಾರ್ಣವ'. ಅದು ಅಣ್ಣ ಪಂಪನ ಬಿರುದು! ಅಣ್ಣ ಕನ್ನಡದ ಆದಿಕವಿ, ತಮ್ಮ ತೆಲುಗು ಸಾಹಿತ್ಯ ಚರಿತ್ರೆಗೆ ಬೇಕಾದವನು. ಒಂದೇ ತಾಯಿಯ ಮಕ್ಕಳು.

ಕೊಡುಕೊಳೆ ಎರಡೂ ಕಡೆಯಿಂದ ನಡೆದಿದೆ. ಬಸವಣ್ಣನವರ ಚರಿತ್ರೆಯನ್ನು 'ಬಸವಪುರಾಣ'ವಾಗಿ ಬರೆದವನು ತೆಲುಗು ಕವಿ ಪಾಲ್ಕುರಿಕಿ ಸೋಮನಾಥ. ಅವನ ಊರೆನ್ನಲಾಗುವ ಪಾಲಕುರ್ತಿ, ಆಲೇರಿನಿಂದ ಮುಂದಿನ ಜನಗಾಂವ್ ಜಿಲ್ಲೆಯಲ್ಲಿದೆ. ಆ ಕೃತಿಯನ್ನು 1369ರಲ್ಲಿ ಕನ್ನಡಕ್ಕೆ ತಂದವನು ಭೀಮಕವಿ. ಕಲ್ಯಾಣದ ಕಥೆ ತೆಲುಗಿನಿಂದ ಕನ್ನಡಕ್ಕೆ ಮರಳಿತು.

ನಿಮಗಿರುವ ಅನುಕೂಲ

ಈಗ ಮೊದಲು ಹೇಳಿದ ಮಾತಿಗೆ ಬರೋಣ. ಚಾಲುಕ್ಯರ ಕಾಲದಲ್ಲಿ ಕನ್ನಡ, ತೆಲುಗು ಎರಡಕ್ಕೂ ಒಂದೇ ಲಿಪಿ ಇತ್ತು. ಅವು ಸ್ಪಷ್ಟವಾಗಿ ಕವಲೊಡೆದದ್ದು ಆಮೇಲೆ. ಶಾಲೆಯಲ್ಲಿ ತೆಲುಗು ಓದಿದ ನಿಮಗೆ ಗ, ದ, ನ, ರ, ಲ ಈಗಲೇ ಬರುತ್ತವೆ. ತಲೆಕಟ್ಟು ಮಾತ್ರ ಬೇರೆ. ಕ, ತ, ಶ, ಹ ಇಂಥ ಕೆಲವನ್ನು ಬಿಡಿಯಾಗಿ ಕಲಿಯಬೇಕು. ಮನಸ್ಸಿಟ್ಟರೆ ಕೆಲವು ವಾರಗಳ ಕೆಲಸ.

ಭಾಷೆಯಲ್ಲೂ ಹಾಗೆಯೇ. ಹಳಗನ್ನಡದ 'ಪ'ಕಾರ ಹೊಸಗನ್ನಡದಲ್ಲಿ 'ಹ'ಕಾರವಾಗಿದೆ. ಶಾಸನದ ಪಾಲ್, ಪುಲಿ, ಪಂದಿ, ಪಳ್ಳಿ ಎಂಬ ಮಾತುಗಳನ್ನು ಕಂಡರೆ ಬೆಂಗಳೂರಿನ ಹುಡುಗ ಕಣ್ಣು ಕಣ್ಣು ಬಿಡುತ್ತಾನೆ. ನೀವೋ ದಿನವೂ ತೆಲುಗಿನಲ್ಲಿ ಪಾಲು, ಪುಲಿ, ಪಂದಿ, ಪಲ್ಲೆ ಎನ್ನುವವರು. ಹಾಲು, ಹುಲಿ, ಹಂದಿ, ಹಳ್ಳಿ ಎಂದು ನಿಮಗೆ ತಟ್ಟನೆ ಹೊಳೆಯುತ್ತದೆ.

ಶಾಸನದ ಕಲ್ಲಿನ ಮುಂದೆ ನಿಂತಾಗ ಮೊದಲು ಮೇಲ್ಭಾಗ ನೋಡಿ. ಸೂರ್ಯ, ಚಂದ್ರ, ಲಿಂಗ ಅಥವಾ ಜಿನ, ಹಸು ಕರು ಇರುತ್ತವೆ. ಸೂರ್ಯ ಚಂದ್ರರಿರುವವರೆಗೆ ಈ ದಾನ ನಡೆಯಲಿ ಎಂದು ಅದರ ಅರ್ಥ. ಆಮೇಲೆ ಬಹುಮಟ್ಟಿಗೆ 'ಸ್ವಸ್ತಿ' ಎಂಬ ಆರಂಭ, ಅರಸನ ಬಿರುದುಗಳು, ಕಾಲ, ದಾನದ ವಿವರ, ಕೊನೆಗೆ ಇದನ್ನು ಕೆಡಿಸಿದವರಿಗೆ ಶಾಪ. ಈ ಚೌಕಟ್ಟು ತಿಳಿದರೆ ಅರ್ಧ ಓದಿದಂತೆಯೇ. 'ತ್ರಿಭುವನಮಲ್ಲ' ಎಂಬ ಆರು ಅಕ್ಷರಗಳನ್ನು ಹುಡುಕಿ ಗುರುತಿಸಿದ ದಿನ ನಿಮಗಾಗುವ ಸಂತೋಷವನ್ನು ನಾನು ವರ್ಣಿಸಬೇಕಾಗಿಲ್ಲ.

ಮಾಡಬೇಕಾದದ್ದು

ನಿಜಾಮರ ಸರ್ಕಾರ 1914ರಲ್ಲಿ ಗುಲಾಂ ಯಜ್ದಾನಿಯವರ ನೇತೃತ್ವದಲ್ಲಿ ಪುರಾತತ್ವ ಇಲಾಖೆಯನ್ನು ಆರಂಭಿಸಿತು. ಅದು ಸಂಸ್ಥಾನದ ಶಾಸನಗಳನ್ನು ಸಂಪುಟಗಳಾಗಿ ಪ್ರಕಟಿಸುತ್ತ ಬಂತು. ಕೊಪ್ಪಳದ ಕನ್ನಡ ಶಾಸನಗಳ ಪುಸ್ತಕ 1935ರಲ್ಲೇ ಈ ನಗರದಿಂದ ಹೊರಬಂತು. ಆದರೆ ಪುಸ್ತಕದಲ್ಲಿ ಅಚ್ಚಾದ ಮಾತ್ರಕ್ಕೆ ಕಲ್ಲು ಉಳಿಯುವುದಿಲ್ಲ. ಹಳ್ಳಿಗಳಲ್ಲಿ ಶಾಸನಗಳಿಗೆ ಸುಣ್ಣ, ಬಣ್ಣ ಬಳಿಯುತ್ತಾರೆ. ಕಲ್ಲು ಚಪ್ಪಡಿಯೆಂದು ಮೆಟ್ಟಿಲಿಗೆ ಹಾಕುತ್ತಾರೆ. ಓದಬಲ್ಲವರು ಬಂದು ಕೇಳಿದಾಗ ಮಾತ್ರ ಊರಿನವರಿಗೂ ಅದರ ಬೆಲೆ ತಿಳಿಯುತ್ತದೆ.

ಆದ್ದರಿಂದ ಒಂದು ಭಾನುವಾರ ನಾಲ್ಕೈದು ಗೆಳೆಯರು ಸೇರಿ ಹೊರಡಿ. ಸಿಕಂದರಾಬಾದಿನಿಂದ ಕಾಜಿಪೇಟೆಯ ಮಾರ್ಗದಲ್ಲಿ ಭುವನಗಿರಿ, ಆಲೇರು ಎರಡೂ ರೈಲು ನಿಲ್ದಾಣಗಳೇ. ಬೆಳಿಗ್ಗೆ ಬಿಸಿಲೇರುವ ಮುನ್ನ ಕೋಟೆ, ಆಮೇಲೆ ಕೊಲನುಪಾಕ. ತೆಲುಗು ಗೆಳೆಯರನ್ನೂ ಕರೆದುಕೊಳ್ಳಿ. ಆ ಕಲ್ಲುಗಳು ಅವರವೂ ಹೌದು. ಅಕ್ಷರಗಳು ಕಾಣಲೆಂದು ಸೀಮೆಸುಣ್ಣ ಉಜ್ಜಬೇಡಿ. ಮೊಬೈಲಿನ ಬೆಳಕನ್ನು ಪಕ್ಕದಿಂದ ಓರೆಯಾಗಿ ಬಿಟ್ಟರೆ ಅಕ್ಷರಗಳು ತಾವೇ ಎದ್ದು ಕಾಣುತ್ತವೆ. ಊರಿನ ಹಿರಿಯರನ್ನು ಗೌರವದಿಂದ ಮಾತನಾಡಿಸಿ. ಕಂಡದ್ದನ್ನು ಒಂದು ಪುಟ ಕನ್ನಡದಲ್ಲಿ ಬರೆದು ಈ ಪತ್ರಿಕೆಗೆ ಕೊಡಿ. ತಪ್ಪುಗಳಿದ್ದರೆ ತಿದ್ದಲು ನಮ್ಮಲ್ಲಿ ಹಿರಿಯರಿದ್ದಾರೆ.

ಹೋಗುವ ಮುನ್ನ ಅಕ್ಷರಮಾಲೆಯ ಒಂದು ಪುಟವನ್ನು ಅಮ್ಮನಿಂದ ಬರೆಸಿ ಜೇಬಿನಲ್ಲಿಟ್ಟುಕೊಳ್ಳುವುದನ್ನು ಮರೆಯಬೇಡಿ.