ತೂಕ ಇಳಿಯಿತು, ಅನ್ನನಾಳವನ್ನು ನೋಡಿದವರು ಯಾರು?

ಚೆನ್ನೈಯ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಜೊತೆಗೂಡಿ ದೇಶದುದ್ದಕ್ಕೂ ನಡೆಸಿದ ಸಮೀಕ್ಷೆ 2023ರಲ್ಲಿ ಪ್ರಕಟವಾಯಿತು. ವಯಸ್ಕರಲ್ಲಿ ಶೇ 39.5ರಷ್ಟು ಮಂದಿಗೆ ಹೊಟ್ಟೆಯ ಬೊಜ್ಜಿದೆ ಎಂದಿತು ಅದು. ಅದೇ ಊರಿನ ಆಸ್ಪತ್ರೆಗಳಲ್ಲಿ ಬೊಜ್ಜಿನ ಆಪರೇಷನ್ ಈಗ ಅಪರೂಪವೇನಲ್ಲ. ಸಕ್ಕರೆ ಕಾಯಿಲೆ ಹತೋಟಿಗೆ ಬಂದು, ಮಂಡಿನೋವು ಇಳಿದು, ನೆಮ್ಮದಿಯಾಗಿ ನಿದ್ದೆ ಮಾಡುತ್ತಿರುವವರು ಬಹಳ ಮಂದಿ. ಅವರನ್ನು ಹೆದರಿಸುವುದು ಈ ಬರಹದ ಉದ್ದೇಶವಲ್ಲ. ಆಪರೇಷನ್ ಆಗಿ ಐದು, ಹತ್ತು ವರ್ಷ ಕಳೆದ ಮೇಲೆ ಅವರ ಅನ್ನನಾಳ ಹೇಗಿದೆ ಎಂದು ಯಾರಾದರೂ ನೋಡುತ್ತಿದ್ದಾರೆಯೇ ಎಂಬುದಷ್ಟೇ ನನ್ನ ಚಿಂತೆ.

ನಮ್ಮಲ್ಲಿ ಹೆಚ್ಚು ನಡೆಯುವುದು ಸ್ಲೀವ್ ಆಪರೇಷನ್. ಜಠರದ ಮುಕ್ಕಾಲು ಪಾಲನ್ನು ಉದ್ದಕ್ಕೆ ಕತ್ತರಿಸಿ ತೆಗೆದರೆ, ಉಳಿಯುವುದು ಬಾಳೆಕಾಯಿಯಂಥ ಕೊಳವೆ. ಅಗಲವಾಗಿದ್ದ ಚೀಲ ಹಿಗ್ಗಿ ಒತ್ತಡವನ್ನು ತಾಳಿಕೊಳ್ಳುತ್ತಿತ್ತು. ಈ ಕೊಳವೆ ಅಷ್ಟು ಹಿಗ್ಗುವುದಿಲ್ಲ. ಒಳಗಿನ ಆಮ್ಲ ಮೇಲಕ್ಕೆ ನುಗ್ಗಬಹುದು. ಅದನ್ನು ತಡೆಯಲು ಅನ್ನನಾಳ ಮತ್ತು ಜಠರ ಕೂಡುವಲ್ಲಿ ಇದ್ದ ಓರೆ ಕೋನವೂ ಸ್ನಾಯುವೂ ಆಪರೇಷನ್‌ನಲ್ಲಿ ಸಡಿಲವಾಗಿರಬಹುದು.

ಫಿನ್ಲೆಂಡಿನ ವೈದ್ಯರು 240 ಮಂದಿಯನ್ನು ಸ್ಲೀವ್, ಬೈಪಾಸ್ (ಜಠರದ ಮೇಲ್ತುದಿಯ ಸಣ್ಣ ಚೀಲವನ್ನು ನೇರವಾಗಿ ಕರುಳಿಗೆ ಜೋಡಿಸುವ ಆಪರೇಷನ್) ಎಂಬ ಎರಡು ಗುಂಪು ಮಾಡಿ ಹತ್ತು ವರ್ಷ ಹಿಂಬಾಲಿಸಿದರು. 2022ರಲ್ಲಿ ಬಂದ ಫಲಿತಾಂಶದಲ್ಲಿ ಅನ್ನನಾಳದ ಉರಿಯೂತ ಸ್ಲೀವ್ ಆದವರಲ್ಲಿ ಶೇ 31, ಬೈಪಾಸ್ ಆದವರಲ್ಲಿ ಶೇ 7. ಅನ್ನನಾಳದ ಒಳಪದರವೇ ಬದಲಾಗುವ ಬ್ಯಾರೆಟ್ ಸ್ಥಿತಿ ಎರಡೂ ಗುಂಪಿನಲ್ಲಿ ಶೇ 4. ಇಟಲಿಯ ಒಂದು ಸಣ್ಣ ಅಧ್ಯಯನ ಸ್ಲೀವ್ ಆದವರಲ್ಲಿ ಬ್ಯಾರೆಟ್ ಶೇ 17 ಎಂದಿತ್ತು. ಬ್ಯಾರೆಟ್ ಇದ್ದವರಿಗೆಲ್ಲ ಕ್ಯಾನ್ಸರ್ ಬರುವುದಿಲ್ಲ, ಬರುವವರು ತೀರಾ ಕಡಿಮೆ. ಫ್ರಾನ್ಸಿನಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಮಂದಿಯ ದಾಖಲೆ ನೋಡಿದಾಗ, ಆಪರೇಷನ್ ಆದವರಲ್ಲಿ ಅನ್ನನಾಳ ಮತ್ತು ಜಠರದ ಕ್ಯಾನ್ಸರ್, ಆಪರೇಷನ್ ಆಗದ ಸ್ಥೂಲಕಾಯರಿಗಿಂತ ಕಡಿಮೆಯೇ ಇತ್ತು.

ಹಾಗಾದರೆ ಚಿಂತೆ ಯಾಕೆ? ಎದೆಯುರಿಯೇ ಇಲ್ಲದವರಲ್ಲೂ ಬ್ಯಾರೆಟ್ ಇರಬಹುದು, ಅದಕ್ಕೆ. 'ನನಗೇನೂ ಗ್ಯಾಸ್ಟ್ರಿಕ್ ಇಲ್ಲ' ಎಂಬುದು ಪರೀಕ್ಷೆ ಬೇಡ ಎನ್ನಲು ಕಾರಣವಾಗದು. ಮೆಡಿಕಲ್ ಶಾಪಿನಿಂದ ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ ಮಾತ್ರೆ ತಂದು ವರ್ಷಗಟ್ಟಲೆ ನುಂಗುವವರಲ್ಲಂತೂ ಉರಿ ಅಡಗಿರುತ್ತದೆ, ಒಳಗೆ ಏನಾಗಿದೆ ಎಂದು ತಿಳಿಯುವುದಿಲ್ಲ.

ಇನ್ನೊಂದು ಸಂಗತಿಯನ್ನು ರೋಗಿಗಳಿಗೆ ಮೊದಲೇ ಹೇಳಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಕ್ಯಾನ್ಸರ್ ಬಂದು ಅನ್ನನಾಳವನ್ನೇ ತೆಗೆಯಬೇಕಾದರೆ, ಶಸ್ತ್ರವೈದ್ಯರು ಸಾಮಾನ್ಯವಾಗಿ ಜಠರವನ್ನೇ ಮೇಲಕ್ಕೆ ಎಳೆದು ಹೊಸ ಅನ್ನನಾಳ ಮಾಡುತ್ತಾರೆ. ಸ್ಲೀವ್ ಆದವರಲ್ಲಿ ಅದಕ್ಕೆ ಬೇಕಾದ ಜಠರದ ಭಾಗ ಇರುವುದಿಲ್ಲ; ಸಾಮಾನ್ಯವಾಗಿ ಕರುಳಿನ ತುಂಡನ್ನು ಬಳಸಬೇಕಾಗುತ್ತದೆ, ಅದು ಇನ್ನೂ ಕಠಿಣ. ಬೈಪಾಸ್‌ನಲ್ಲಿ ಜಠರದ ಬಹುಭಾಗ ಒಳಗೇ ಉಳಿದಿರುತ್ತದೆ.

ಬೊಜ್ಜಿನ ಶಸ್ತ್ರಚಿಕಿತ್ಸಕರ ಅಂತರರಾಷ್ಟ್ರೀಯ ಒಕ್ಕೂಟದ ಸಲಹೆ ಸರಳ: ಆಪರೇಷನ್ ಆದ ಒಂದು ವರ್ಷಕ್ಕೆ ಎಂಡೋಸ್ಕೋಪಿ, ಸ್ಲೀವ್ ಆದವರಿಗೆ ಆಮೇಲೆ ಎರಡು–ಮೂರು ವರ್ಷಕ್ಕೊಮ್ಮೆ. ಆದರೆ ಬೆಂಗಳೂರು, ಕೋಲಾರ, ಚಿತ್ತೂರಿನಿಂದ ಚೆನ್ನೈಗೆ ಬಂದು ಆಪರೇಷನ್ ಮಾಡಿಸಿಕೊಂಡು ಮರಳಿದವರಿಗೆ ಆಸ್ಪತ್ರೆಯ ನಂಟು ತಪ್ಪಿಹೋಗುವುದು ಸುಲಭ. ದಿನಚರಿಯೂ ಮುಖ್ಯ: ಚೆನ್ನೈಯ ಓಎಂಆರ್ ರಸ್ತೆಯ ಐಟಿ ಕಂಪನಿಗಳಲ್ಲಿ ದುಡಿದು, ರಾತ್ರಿ ಹತ್ತಕ್ಕೆ ಉಂಡು ಕೂಡಲೇ ಹಾಸಿಗೆಗೆ ಹೋಗುವವರ ಅನ್ನನಾಳಕ್ಕೆ ತೊಂದರೆ ಹೆಚ್ಚು. ಉಂಡ ಮೇಲೆ ಎರಡು–ಮೂರು ಗಂಟೆಯಾದರೂ ಮಲಗಬಾರದು.

ಮೊದಲಿನಿಂದಲೇ ಹುಳಿತೇಗು ಇದ್ದವರು ಆಪರೇಷನ್‌ಗೆ ಮುಂಚೆ ಎಂಡೋಸ್ಕೋಪಿ ಮಾಡಿಸಿ, ಸ್ಲೀವ್ ಬದಲು ಬೈಪಾಸ್ ಒಳ್ಳೆಯದೇ ಎಂದು ಕೇಳಬೇಕು. ಆಪರೇಷನ್ ಆದವರು ಡಿಸ್ಚಾರ್ಜ್ ಕಾಗದದಲ್ಲಿ ಮುಂದಿನ ಎಂಡೋಸ್ಕೋಪಿ ಯಾವ ತಿಂಗಳು ಎಂದು ಬರೆಸಿಕೊಂಡು, ಆ ಕಾಗದವನ್ನು ಊರಿನ ವೈದ್ಯರಿಗೂ ತೋರಿಸಿಡಬೇಕು. ಸ್ಲೀವೋ ಬೈಪಾಸೋ ಎಂಬುದೇ ತಿಳಿಯದಿದ್ದರೆ ಅವರಾದರೂ ಏನೆಂದು ಚಿಕಿತ್ಸೆ ಕೊಟ್ಟಾರು?