ಗೊಬ್ಬರದ ಚೀಲದಲ್ಲಿಯ ಜಲಜನಕ: ಹಾವೇರಿ ಸೀಮೆಯನ್ನು ಕುರಿತ ಒಂದು ವಿವೇಚನೆ

2008ನೆಯ ಇಸವಿಯ ಜೂನ್ 10ರಂದು ಹಾವೇರಿಯಲ್ಲಿ ರಸಗೊಬ್ಬರಕ್ಕಾಗಿ ನೆರೆದಿದ್ದ ರೈತರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಇಬ್ಬರು ರೈತರು ಪ್ರಾಣ ತೆತ್ತರು. ಮುಂಗಾರು ಬಿತ್ತನೆಯ ಹೊತ್ತಿಗೆ ಗೊಬ್ಬರ ಸಿಕ್ಕದಿದ್ದುದೇ ಆ ಕ್ಷೋಭೆಗೆ ಕಾರಣ. ಈ ಘಟನೆಯನ್ನು ಆಡಳಿತದ ಇಲ್ಲವೆ ರೈತ ಚಳವಳಿಯ ಇತಿಹಾಸದಲ್ಲಿಟ್ಟು ನೋಡುವುದು ರೂಢಿ. ಆದರೆ ಆ ಚೀಲದೊಳಗಿನ ವಸ್ತು ಎಲ್ಲಿಂದ, ಹೇಗೆ ಬರುತ್ತದೆಂಬುದನ್ನು ಅರಿಯದೆ ರೈತನ ಪರಾಧೀನತೆಯ ಸ್ವರೂಪವು ಪೂರ್ಣವಾಗಿ ತಿಳಿಯಲಾರದು.

ಹಾವೇರಿ, ರಾಣೆಬೆನ್ನೂರುಗಳ ಮೆಕ್ಕೆಜೋಳ ಮತ್ತು ಹತ್ತಿ, ಬ್ಯಾಡಗಿಯ ಮೆಣಸಿನಕಾಯಿ, ಇವೆಲ್ಲಕ್ಕೂ ಸಾರಜನಕವು ಬೇಕು. ಗಾಳಿಯಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ಸಾರಜನಕವೇ ಇದ್ದರೂ ಈ ಪೈರುಗಳು ಅದನ್ನು ನೇರವಾಗಿ ಬಳಸಿಕೊಳ್ಳಲಾರವು. ಅದನ್ನು ಜಲಜನಕದೊಡನೆ ಕೂಡಿಸಿ ಅಮೋನಿಯವನ್ನು ಮಾಡಬೇಕು, ಯೂರಿಯ, ಡಿ.ಎ.ಪಿ. ಎರಡಕ್ಕೂ ಅಮೋನಿಯವೇ ಮೂಲ. ಜರ್ಮನಿಯ ಫ್ರಿಟ್ಸ್ ಹಾಬರನು 1909ರಲ್ಲಿ ತೋರಿಸಿಕೊಟ್ಟ ಈ ಸಂಯೋಗವನ್ನು ಕಾರ್ಲ್ ಬಾಷನು 1913ರಲ್ಲಿ ಓಪಾವ್ ಕಾರ್ಖಾನೆಯಲ್ಲಿ ಉದ್ಯಮವಾಗಿ ನೆಲೆಗೊಳಿಸಿದನು. ಸಾರಜನಕವು ಗಾಳಿಯಲ್ಲಿ ಎಲ್ಲೆಡೆಯೂ ಉಂಟು. ಜಲಜನಕವನ್ನಾದರೋ ಬೇರೆ ವಸ್ತುಗಳಿಂದ ಬಿಡಿಸಿ ತೆಗೆಯಬೇಕು. ತೊಡಕು, ವೆಚ್ಚಗಳೆರಡೂ ಮುಖ್ಯವಾಗಿ ಅಲ್ಲಿಯೇ.

ನಮ್ಮ ದೇಶದಲ್ಲಿ ಇದಕ್ಕೆ ಹಿಡಿದ ದಾರಿಗಳು ಹಲವು. 1947ರಲ್ಲಿ ಉತ್ಪಾದನೆಯನ್ನು ಆರಂಭಿಸಿದ ಕೇರಳದ ಆಲುವಾಯ ಕಾರ್ಖಾನೆಯು ಸೌದೆಯಿಂದ ಅನಿಲ ಮಾಡಿ ಜಲಜನಕವನ್ನು ಪಡೆಯಿತು. 1951ರ ಸಿಂದ್ರಿಯಲ್ಲಿ ಕೋಕ್ ಕಲ್ಲಿದ್ದಲು, 1961ರ ನಂಗಲ್‌ನಲ್ಲಿ ಭಾಕ್ರಾದ ವಿದ್ಯುತ್ತಿನಿಂದ ನೀರಿನ ವಿಭಜನೆ. 1976ರಲ್ಲಿ ಉತ್ಪಾದನೆಗೆ ತೊಡಗಿದ ಮಂಗಳೂರಿನ ಪಣಂಬೂರು ಕಾರ್ಖಾನೆಯು ಕಚ್ಚಾ ಎಣ್ಣೆಯಿಂದ ಬರುವ ನಾಫ್ತಾವನ್ನು ನೆಚ್ಚಿತ್ತು. ಕೊಚ್ಚಿಯಿಂದ ಮಂಗಳೂರಿಗೆ ಹಾಕಿದ ಸುಮಾರು 450 ಕಿಲೋಮೀಟರು ಉದ್ದದ ಕೊಳವೆಮಾರ್ಗವು 2021ರ ಜನವರಿ 5ರಂದು ಉದ್ಘಾಟನೆಗೊಂಡಿತು. ಪಣಂಬೂರಿನಲ್ಲಿ ನಾಫ್ತಾದ ಸ್ಥಾನವನ್ನು ನೈಸರ್ಗಿಕ ಅನಿಲವು ಪಡೆಯಿತು.

ನೈಸರ್ಗಿಕ ಅನಿಲದ ಪ್ರಧಾನ ಅಂಶ ಮೀಥೇನ್. ಅದರಲ್ಲಿ ಒಂದು ಇಂಗಾಲ, ನಾಲ್ಕು ಜಲಜನಕ ಪರಮಾಣುಗಳಿವೆ. ಮೊದಲು ಅನಿಲದಿಂದ ಗಂಧಕವನ್ನು ತೆಗೆಯುತ್ತಾರೆ. ಇಲ್ಲವಾದರೆ ಮುಂದಿನ ಕ್ರಿಯೆಯನ್ನು ಚುರುಕುಗೊಳಿಸುವ ನಿಕಲ್ ವೇಗವರ್ಧಕವು ಕೆಡುತ್ತದೆ. ಬಳಿಕ ಅನಿಲವನ್ನೂ ನೀರಾವಿಯನ್ನೂ ಬೆರೆಸಿ, ಸುಮಾರು 800 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ, ನಿಕಲ್ ತುಂಬಿದ ಕೊಳವೆಗಳ ಮೂಲಕ ಹಾಯಿಸುತ್ತಾರೆ. ಆಗ ಜಲಜನಕವೂ ಕಾರ್ಬನ್ ಮಾನಾಕ್ಸೈಡೂ ಹುಟ್ಟುತ್ತವೆ. ಈ ಕ್ರಿಯೆಯು ಶಾಖವನ್ನು ಹೀರುವುದರಿಂದ ಕೊಳವೆಗಳನ್ನು ಹೊರಗಿನಿಂದ ಎಡೆಬಿಡದೆ ಕಾಯಿಸಬೇಕು. ಅದಕ್ಕೂ ಅನಿಲವೇ ಉರುವಲು. ಮಾನಾಕ್ಸೈಡು ಮತ್ತೆ ನೀರಾವಿಯೊಡನೆ ವರ್ತಿಸಿ ಇನ್ನಷ್ಟು ಜಲಜನಕವನ್ನು ಕೊಟ್ಟು ತಾನು ಡೈಆಕ್ಸೈಡಾಗುತ್ತದೆ. ಈ ಎರಡು ಮೆಟ್ಟಿಲುಗಳು ಮುಗಿದಾಗ ದೊರೆತ ಜಲಜನಕದಲ್ಲಿ ಅರ್ಧವು ಮೀಥೇನಿನದು, ಉಳಿದರ್ಧವು ನೀರಿನದು ಎಂಬುದು ಗಮನಿಸತಕ್ಕ ಸಂಗತಿ. ಬೇರ್ಪಡಿಸಿದ ಡೈಆಕ್ಸೈಡು ಯೂರಿಯ ತಯಾರಿಕೆಗೆ ಸಲ್ಲುತ್ತದೆ. ಹೊಲದಲ್ಲಿ ಯೂರಿಯವು ಕರಗಿ ಒಡೆದಾಗ ಅದು ಮತ್ತೆ ಹೊರಬೀಳುತ್ತದೆ.

ಈಗಿನ 45 ಕಿಲೋಗ್ರಾಮಿನ ಯೂರಿಯ ಚೀಲವೊಂದಕ್ಕೆ, ಲೆಕ್ಕದ ಪ್ರಕಾರ, 25.5 ಕಿಲೋ ಅಮೋನಿಯ ಬೇಕು. ಅದರಲ್ಲಿಯ ಜಲಜನಕ 4.5 ಕಿಲೋ. ಅಷ್ಟಕ್ಕೆ, ಉರುವಲನ್ನು ಬಿಟ್ಟು, ಕಡಮೆಯೆಂದರೂ 9 ಕಿಲೋ ಮೀಥೇನ್ ವ್ಯಯವಾಗುತ್ತದೆ. ಕೊಚ್ಚಿಯ ನೆಲೆಗೆ ಅನಿಲವು ದ್ರವರೂಪದಲ್ಲಿ ಹಡಗುಗಳ ಮೇಲೆ ಪರದೇಶಗಳಿಂದ ಬರುತ್ತದೆ. ಹೀಗಾಗಿ ಕಡಲಾಚೆಯ ಯುದ್ಧವೂ ಬೆಲೆಯ ಏರಿಳಿತವೂ ರಾಣೆಬೆನ್ನೂರಿನ ಎರೆಹೊಲವನ್ನು ಮುಟ್ಟಬಲ್ಲವು.

2008ರ ಅಭಾವಕ್ಕೆ ಜಲಜನಕವೇ ಕಾರಣವೆಂದು ಇಲ್ಲಿ ಹೇಳುತ್ತಿಲ್ಲ. ಕೊಟ್ಟಿಗೆಯ ಗೊಬ್ಬರವನ್ನೇ ನೆಚ್ಚಿದ್ದ ರೈತನಿಗೆ ಬಿತ್ತನೆಯ ಸಾಮಗ್ರಿ ಊರಿನೊಳಗೇ ಇತ್ತು. ಚೀಲವನ್ನು ನೆಚ್ಚಿದವನಿಗೆ ಅದು ಊರಿನ ಕೈಮೀರಿದೆ. ನೀರನ್ನು ವಿದ್ಯುತ್ತಿನಿಂದ ವಿಭಜಿಸಿ ಜಲಜನಕ ಪಡೆಯುವ ಯತ್ನಕ್ಕೆ ಈಗ ಮರಳಿ ಬೆಂಬಲ ದೊರೆಯುತ್ತಿದೆ. 2023ರ ಜನವರಿಯಲ್ಲಿ ಕೇಂದ್ರ ಸರಕಾರವು ಇದಕ್ಕಾಗಿ ಹಸಿರು ಜಲಜನಕ ಯೋಜನೆಯನ್ನು ಅಂಗೀಕರಿಸಿತು. ನಂಗಲ್‌ನ ಅನುಭವವನ್ನು ಬಲ್ಲವರಿಗೆ ಈ ದಾರಿ ಹೊಸದಲ್ಲ. ಅದು ಅಗ್ಗವಾಗಿ ಕೈಗೂಡಿದರೆ ಬ್ಯಾಡಗಿಯ ರೈತನ ಗೊಬ್ಬರಕ್ಕೂ ಕಡಲಾಚೆಯ ಅನಿಲಕ್ಕೂ ಇರುವ ನಂಟು ಸಡಿಲಗೊಂಡೀತು. ಗ್ರಾಮಜೀವನದ ಇತಿಹಾಸವನ್ನು ಬರೆಯುವವರು ದಫ್ತರಗಳೊಡನೆ ಈ ಕೊಳವೆಗಳ ಕಥೆಯನ್ನೂ ಓದಬೇಕಾಗಿದೆ.