ಜೀಪಿಗೊಂದು ಕಿತ್ತಳೆ ಬೊಟ್ಟು

ನಮ್ಮ ತೋಟದ ಹಳೆಯ ಜೀಪಿಗೆ ಮಿಲಿಟರಿ ಹಸಿರು ಬಳಿಸೋಣವೆಂದು ಮೊಮ್ಮಗ ಹಟ ಹಿಡಿದ. ಆಗದು ಎಂದೆ. ಮಕ್ಕಳೇ, 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಆಲಿವ್ ಹಸಿರು ರಕ್ಷಣಾ ಇಲಾಖೆಯ ವಾಹನಗಳಿಗೆ ಮಾತ್ರ ಮೀಸಲು. ಬೇರೆ ಬಣ್ಣ ಬಳಿಸಿದರೂ ಆರ್.ಸಿ.ಯಲ್ಲಿ ನಮೂದಾಗಬೇಕು. ಬ್ಯಾಂಕಿನಲ್ಲಿ ಲೆಡ್ಜರ್ ಬರೆದವನು ನಾನು. ಪುಸ್ತಕಕ್ಕೂ ಪೆಟ್ಟಿಗೆಗೂ ತಾಳೆಯಾಗದಿದ್ದರೆ ನಿದ್ದೆ ಬಾರದು!

ಅವನ ಮುಖ ಸಣ್ಣದಾಯಿತು. ಆಗ ಹೋದ ಮಳೆಗಾಲದ ರಾತ್ರಿ ನೆನಪಾಯಿತು. ಜ್ವರ ಬಂದಿದ್ದ ಅಜ್ಜಿಯನ್ನು ಆಸ್ಪತ್ರೆಗೆ ಕರೆದೊಯ್ಯುವಾಗ ಜೀಪು ಕೆಸರಿನಲ್ಲಿ ಹೂತಿತ್ತು. ಟ್ರ್ಯಾಕ್ಟರ್ ಬಂತು, ಹಗ್ಗವೂ ಬಂತು. ಆದರೆ ಹಗ್ಗ ಕಟ್ಟುವ ಕಪ್ಪು ಕೊಕ್ಕೆ ಕೆಸರು ಮೆತ್ತಿ ಕಾಣಲೇ ಇಲ್ಲ. ತಡಕಾಡುವುದರಲ್ಲೇ ಅರ್ಧ ಗಂಟೆ ಹೋಯಿತು.

"ಹಾಗಾದ್ರೆ ಕೊಕ್ಕೆಗೆ ಮಾತ್ರ ಬಣ್ಣ ಹಚ್ಚೋಣ, ಅಜ್ಜ" ಎಂದ.

ಭಾನುವಾರ ಇಬ್ಬರೂ ಕೂತೆವು. ಎಮರಿ ಪೇಪರಿನಿಂದ ತುಕ್ಕು ಉಜ್ಜಿ, ಪ್ರೈಮರ್ ಹಚ್ಚಿದೆವು. ಅದು ಒಣಗಿದ ಮೇಲೆ ಕಿತ್ತಳೆ ಬಣ್ಣ, ತೆಳ್ಳಗೆ ಎರಡು ಸಲ. ಸುತ್ತಲಿನ ಭಾಗಕ್ಕೆ ತಾಗದಂತೆ ಟೇಪು ಅಂಟಿಸಿದ್ದೆವು. ದೀಪ, ನಂಬರ್ ಪ್ಲೇಟುಗಳ ತಂಟೆಗೆ ಹೋಗಲಿಲ್ಲ. ಹಿಂದಿನ ಕೊಕ್ಕೆಗೂ ಹೀಗೇ.

ಈಗ ಟಾರ್ಚ್ ಬಿಟ್ಟರೆ ಸಾಕು, ಕೊಕ್ಕೆ ಥಟ್ಟನೆ ಕಾಣುತ್ತದೆ.

"ಹಣೆಗೆ ಬೊಟ್ಟಿಟ್ಟ ಹಾಗಿದೆ" ಎಂದಳು ಅಜ್ಜಿ.